ವಿಶೇಷ ಶಿಕ್ಷಣ ತರಗತಿಯಲ್ಲಿ ಕಲಿಕಾ ಮೂಲೆಗಳನ್ನು ಅಣಿಗೊಳಿಸುವ ಬಗೆ

ವಿಶೇಷ ಶಾಲೆಯ ತರಗತಿಯೊಂದರಲ್ಲಿ ಎಂಟು ಮಕ್ಕಳಿದ್ದರೆ ಕಲಿಕೆಯ ಎಂಟು ಮಟ್ಟಗಳೂ ಅಲ್ಲಿರುತ್ತವೆ. ಒಬ್ಬಳು ಎರಡಂಕಿಯ ಕೂಡುವ ಲೆಕ್ಕ ಮಾಡುತ್ತಿರುವಾಗ ಪಕ್ಕದಲ್ಲಿರುವವನು ಕೆಂಪು ಮತ್ತು ಹಳದಿ ಬಣ್ಣಗಳನ್ನು ಬೇರ್ಪಡಿಸಲು ಕಲಿಯುತ್ತಿರುತ್ತಾನೆ. ಇನ್ನೊಬ್ಬನಿಗೆ ಸದ್ಯದ ಪಾಠವೆಂದರೆ ಐದು ನಿಮಿಷ ಕುರ್ಚಿಯಲ್ಲಿ ಕೂರುವುದೇ ಆಗಿರುತ್ತದೆ. ಇಂತಹ ಕಡೆ ಕಪ್ಪುಹಲಗೆಯ ಮುಂದೆ ನಿಂತು ಎಲ್ಲರಿಗೂ ಒಂದೇ ಪಾಠ ಹೇಳಿದರೆ ಅದು ಹೆಚ್ಚೆಂದರೆ ಇಬ್ಬರನ್ನು ತಲುಪುತ್ತದೆ. ಒಬ್ಬೊಬ್ಬರನ್ನೇ ಕರೆದು ಕಲಿಸಿದರೆ ಉಳಿದ ಏಳು ಮಂದಿ ಕಾಯಬೇಕಾಗುತ್ತದೆ, ಮತ್ತು ಸುಮ್ಮನೆ ಕಾಯುವುದು ಈ ಮಕ್ಕಳಲ್ಲಿ ಅನೇಕರಿಗೆ ಲೆಕ್ಕಕ್ಕಿಂತ, ಅಕ್ಷರಕ್ಕಿಂತ ಕಷ್ಟದ ಕೆಲಸ. ತರಗತಿಯಲ್ಲಿ ನಡೆಯುವ ಗಲಾಟೆಯ ಬಹುಪಾಲು ಈ ಕಾಯುವ ಹೊತ್ತಿನಲ್ಲೇ ಹುಟ್ಟುತ್ತದೆ. ಕೊಠಡಿಯನ್ನು ಕಲಿಕಾ ಮೂಲೆಗಳಾಗಿ ವಿಂಗಡಿಸುವುದು ಈ ಇಕ್ಕಟ್ಟಿನಿಂದ ಹೊರಬರುವ ದಾರಿಗಳಲ್ಲಿ ಒಂದು.

ಆದರೆ ಗೋಡೆಗೆ ಬಣ್ಣದ ಹಾಳೆ ಅಂಟಿಸಿ, ‘ಗಣಿತ ಮೂಲೆ’, ‘ಭಾಷಾ ಮೂಲೆ’ ಎಂದು ಬರೆದು, ಕೆಳಗೆ ಆಟಿಕೆಗಳನ್ನು ಜೋಡಿಸಿಟ್ಟ ಮಾತ್ರಕ್ಕೆ ಕಲಿಕಾ ಮೂಲೆ ಸಿದ್ಧವಾಗುವುದಿಲ್ಲ. ತಪಾಸಣೆಗೆ ಬಂದವರ ಕಣ್ಣಿಗೆ ಅದು ಚೆಂದವಾಗಿ ಕಾಣಬಹುದು, ಅಷ್ಟೆ. ಮೂಲೆ ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಮಗು ಅಲ್ಲಿಗೆ ಬಂದಾಗ ಎಲ್ಲಿಂದ ಆರಂಭಿಸಬೇಕು, ಏನು ಮಾಡಬೇಕು, ಕೆಲಸ ಯಾವಾಗ ಮುಗಿಯುತ್ತದೆ ಎಂಬುದು ದೊಡ್ಡವರು ಬಾಯಿಬಿಟ್ಟು ಹೇಳದೆಯೇ ಅದಕ್ಕೆ ಗೊತ್ತಾಗಬೇಕು. ಮುಂದೆ ಹೇಳುವ ಏರ್ಪಾಡುಗಳೆಲ್ಲ ಶಿಕ್ಷಕರ ಮಾತನ್ನು ಕಡಿಮೆ ಮಾಡುವುದಕ್ಕಾಗಿಯೇ ಇವೆ.

ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಈ ವಿಚಾರ ಹೊಸದೇನಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಂತರ ರಾಜ್ಯದಾದ್ಯಂತ ಹರಡಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಕೂರುವ ಐದು ಗುಂಪುಗಳನ್ನು ವಿಷಯವಾರು ಮಾಡಿಲ್ಲ. ಮಗುವಿಗೆ ಎಷ್ಟು ನೆರವು ಬೇಕು ಎಂಬುದನ್ನು ನೋಡಿ ಮಾಡಲಾಗಿದೆ. ಪೂರ್ತಿ ಶಿಕ್ಷಕರ ಬೆಂಬಲ ಬೇಕಾದ ಗುಂಪು ಒಂದು ತುದಿಯಲ್ಲಿದ್ದರೆ ಸ್ವಕಲಿಕೆಯ ಗುಂಪು ಇನ್ನೊಂದು ತುದಿಯಲ್ಲಿದೆ. ವಿಶೇಷ ತರಗತಿಯ ಮೂಲೆಗಳನ್ನೂ ಇದೇ ಆಧಾರದ ಮೇಲೆ ಯೋಚಿಸುವುದು ಒಳ್ಳೆಯದು. ನಲಿಕಲಿಯಲ್ಲಿ ನಡುವೆ ಬರುವ ಸಹಪಾಠಿ ಬೆಂಬಲಿತ ಗುಂಪುಗಳು ಮಾತ್ರ ಇಲ್ಲಿ ಅಷ್ಟು ಸುಲಭವಾಗಿ ಕೂಡಿಬರುವುದಿಲ್ಲ. ಇಬ್ಬರು ಮಕ್ಕಳು ಒಟ್ಟಿಗೆ ಕೂತು ಕೆಲಸ ಮಾಡುವುದನ್ನೇ ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ.

ಹೇಳುವ ವಿಷಯ ಹಿಡಿತಕ್ಕೆ ಸಿಗಲೆಂದು ಒಂದು ತರಗತಿಯನ್ನು ಊಹಿಸಿಕೊಳ್ಳೋಣ. ಇಪ್ಪತ್ತು ಅಡಿಗೆ ಇಪ್ಪತ್ತೈದು ಅಡಿಯ ಕೊಠಡಿ. ಏಳರಿಂದ ಹನ್ನೊಂದು ವರ್ಷದ ಎಂಟು ಮಕ್ಕಳು. ಒಬ್ಬ ವಿಶೇಷ ಶಿಕ್ಷಕಿ ಮತ್ತು ಒಬ್ಬ ಆಯಾ. ಎಂಟು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಬೌದ್ಧಿಕ ವಿಕಲತೆಯ ತರಗತಿಗಳಲ್ಲಿ ರೂಢಿಯಲ್ಲಿರುವ ಅನುಪಾತ. ಈ ಎಂಟು ಮಂದಿಯಲ್ಲಿ ಇಬ್ಬರಿಗೆ ಆಟಿಸಂ ಇದೆ, ಇಬ್ಬರಿಗೆ ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗ ಗಾಲಿಕುರ್ಚಿ ಬಳಸುತ್ತಾನೆ, ಒಬ್ಬಳಿಗೆ ಬೌದ್ಧಿಕ ವಿಕಲತೆಯ ಜೊತೆಗೆ ಮಂದದೃಷ್ಟಿ. ಉಳಿದಿಬ್ಬರಿಗೆ ಬೌದ್ಧಿಕ ವಿಕಲತೆ, ಅವರಲ್ಲಿ ಒಬ್ಬನಿಗೆ ಆಗಾಗ ಮೂರ್ಛೆ ಬರುತ್ತದೆ.

ಗುರಿಗಳಿಂದ ಮೂಲೆಗಳಿಗೆ

ಮೇಜು, ಕಪಾಟುಗಳಿಗೆ ಕೈಹಾಕುವ ಮೊದಲು ಪ್ರತಿ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಮುಂದಿಟ್ಟುಕೊಳ್ಳಬೇಕು. ಅದರ ಗುರಿಗಳನ್ನು ಆರಿಸಲು ಸಿಕಂದರಾಬಾದಿನ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆಯ ಕಾರ್ಯಾತ್ಮಕ ಮೌಲ್ಯಮಾಪನ ಪಟ್ಟಿಯನ್ನು ಬಳಸುವ ಶಾಲೆಗಳಿವೆ. 18 ಕ್ಷೇತ್ರಗಳಲ್ಲಿ ತಲಾ 20ರಂತೆ 360 ಅಂಶಗಳಿರುವ ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಂ ಅನ್ನು ಬಳಸುವವರೂ ಇದ್ದಾರೆ. ಪಟ್ಟಿ ಯಾವುದೇ ಇರಲಿ, ಈ ಮೂರು ತಿಂಗಳಿಗೆ ಆರಿಸಿಕೊಂಡ ಗುರಿಗಳನ್ನು ಒಂದು ಚೀಟಿಗೆ ಒಂದರಂತೆ ಬರೆಯಿರಿ. ಎಂಟು ಮಕ್ಕಳಿಗೆ ತಲಾ ಐದಾರು ಗುರಿಗಳೆಂದರೆ ನಲವತ್ತೈದು ಚೀಟಿಗಳಾಗಬಹುದು. ಅವನ್ನು ನೆಲದ ಮೇಲೆ ಹರಡಿ, ಒಂದೇ ಬಗೆಯ ಸಾಮಗ್ರಿ ಮತ್ತು ಒಂದೇ ಬಗೆಯ ಜಾಗ ಬೇಡುವ ಚೀಟಿಗಳನ್ನು ಒಟ್ಟುಮಾಡಿ. ಗುಂಡಿ ಹಾಕುವುದು, ಕೈತೊಳೆಯುವುದು, ಊಟದ ಡಬ್ಬಿಯ ಮುಚ್ಚಳ ತೆರೆಯುವುದು ಒಂದು ಕಡೆ ಸೇರುತ್ತವೆ. ಅಂಕಿ ಗುರುತಿಸುವುದು, ನಾಣ್ಯ ಬೇರ್ಪಡಿಸುವುದು, ಒಂದಕ್ಕೊಂದು ಹೊಂದಿಸುವುದು ಇನ್ನೊಂದು ಕಡೆ. ಹೀಗೆ ಏಳುವ ರಾಶಿಗಳೇ ನಿಮ್ಮ ಮೂಲೆಗಳು. ಚೀಟಿಯೇ ಬೀಳದ ಮೂಲೆಯನ್ನು, ಅದು ಬೇರೆ ಶಾಲೆಯಲ್ಲಿ ಎಷ್ಟೇ ಚೆನ್ನಾಗಿದ್ದರೂ, ನಿಮ್ಮ ಕೊಠಡಿಯಲ್ಲಿ ಮಾಡಬೇಕಾಗಿಲ್ಲ.

ಎಷ್ಟು ಮೂಲೆಗಳು ಎಂಬುದನ್ನು ದೊಡ್ಡವರ ಸಂಖ್ಯೆ ತೀರ್ಮಾನಿಸುತ್ತದೆ. ಇಬ್ಬರು ದೊಡ್ಡವರಿದ್ದರೆ ಒಂದೇ ಹೊತ್ತಿನಲ್ಲಿ ನಡೆಯುವ ಮೂಲೆಗಳು ನಾಲ್ಕಕ್ಕಿಂತ ಹೆಚ್ಚಿರಬಾರದು: ಶಿಕ್ಷಕಿಯೇ ಕೂತು ಕಲಿಸುವ ಮೇಜು, ಆಯಾ ನೋಡಿಕೊಳ್ಳುವ ದೈನಂದಿನ ಕೌಶಲಗಳ ಮೂಲೆ, ಮಗು ತಾನೇ ಮಾಡುವ ಸ್ವತಂತ್ರ ಕೆಲಸದ ಮೂಲೆ, ಮತ್ತು ದೂರದಿಂದ ಕಣ್ಣಿಟ್ಟರೆ ಸಾಕಾಗುವ ಆಟದ ಅಥವಾ ಪುಸ್ತಕದ ಮೂಲೆ. ಇವುಗಳ ಹೊರತಾಗಿ ಶಾಂತವಾಗಿ ಕೂರುವ ಪುಟ್ಟ ಜಾಗವೊಂದು ಬೇಕು. ಸರದಿಯ ಲೆಕ್ಕದಲ್ಲಿ ಅದು ಸೇರುವುದಿಲ್ಲ.

ಕೊಠಡಿಯನ್ನು ಓದುವುದು

ಖಾಲಿ ಕೊಠಡಿಯ ನಕ್ಷೆಯನ್ನು ಚೌಕಳಿ ಹಾಳೆಯ ಮೇಲೆ ಬರೆದು, ಅದರಲ್ಲಿ ಬಾಗಿಲು, ಕಿಟಕಿ, ನಲ್ಲಿ, ಸ್ವಿಚ್‌ಬೋರ್ಡ್ ಮತ್ತು ಫ್ಯಾನುಗಳನ್ನು ಗುರುತಿಸಿ. ಇವು ನಿಮ್ಮ ಮಾತು ಕೇಳಿ ಜಾಗ ಬದಲಿಸುವುದಿಲ್ಲವಾದ್ದರಿಂದ ಮೂಲೆಗಳೇ ಇವಕ್ಕೆ ಹೊಂದಿಕೊಳ್ಳಬೇಕು. ದೈನಂದಿನ ಕೌಶಲಗಳ ಮೂಲೆ ನಲ್ಲಿಯ ಬಳಿ ಬರಬೇಕು; ಕೊಠಡಿಯೊಳಗೆ ನಲ್ಲಿ ಇಲ್ಲದಿದ್ದರೆ ಬಾಗಿಲಿನ ಬಳಿ, ಬಕೆಟ್ ಮತ್ತು ಚೊಂಬು ಇಡಲು ಅನುಕೂಲವಾದಲ್ಲಿ ಇರಲಿ. ಸ್ವತಂತ್ರ ಕೆಲಸದ ಮೂಲೆ ಬಾಗಿಲಿನಿಂದ ಆದಷ್ಟು ದೂರ, ಖಾಲಿ ಗೋಡೆಗೆ ಮುಖಮಾಡಿರಲಿ. ಗೋಡೆಯ ತುಂಬ ಚಾರ್ಟುಗಳನ್ನು ಅಂಟಿಸುವ ನಮ್ಮ ಅಭ್ಯಾಸಕ್ಕೆ ಇಲ್ಲಿ ಕಡಿವಾಣ ಹಾಕಬೇಕು. ಆಟಿಸಂ ಇರುವ ಮಗುವಿಗೆ ಎದುರಿನ ಗೋಡೆಯಲ್ಲಿ ಹಣ್ಣು, ತರಕಾರಿ, ರಾಷ್ಟ್ರನಾಯಕರು ಮತ್ತು ಋತುಗಳೆಲ್ಲ ಒಟ್ಟಿಗೆ ಕಂಡರೆ ಮೇಜಿನ ಮೇಲಿರುವ ಕೆಲಸ ಕಾಣುವುದೇ ಇಲ್ಲ.

ಗಾಲಿಕುರ್ಚಿ ಓಡಾಡಲು ದಾರಿಯ ಅಗಲ ಕನಿಷ್ಠ 90 ಸೆಂಟಿಮೀಟರ್, ಅಂದರೆ ಮೂರಡಿ ಇರಬೇಕು. ಅದು ಪೂರ್ತಿ ತಿರುಗಲು ಒಂದೂವರೆ ಮೀಟರ್ ಅಡ್ಡಗಲದ ಖಾಲಿ ಜಾಗ ಬೇಕು. ನಕ್ಷೆಯ ಮೇಲೆ ಅಳೆದು ಬಿಡುವುದಕ್ಕಿಂತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಹುಡುಗನನ್ನು ಅವನ ಗಾಲಿಕುರ್ಚಿಯಲ್ಲೇ ಎಲ್ಲ ಮೂಲೆಗಳಿಗೂ ಕರೆದೊಯ್ದು ನೋಡುವುದು ಮೇಲು. ಹಾಗೆ ನೋಡಿದಾಗ ಮೇಜಿನ ಎತ್ತರದ ತೊಂದರೆಯೂ ಬಯಲಿಗೆ ಬರುತ್ತದೆ: ಕುರ್ಚಿಯ ಕೈಹಿಡಿ ಮೇಜಿನ ಅಂಚಿಗೆ ತಗುಲಿದರೆ ಅವನು ಕೆಲಸದಿಂದ ಒಂದಡಿ ದೂರದಲ್ಲೇ ಉಳಿಯುತ್ತಾನೆ. ಮೇಜಿನ ಕಾಲುಗಳ ಕೆಳಗೆ ಮರದ ತುಂಡು ಇಟ್ಟು ಎತ್ತರಿಸಬಹುದು, ಆದರೆ ತುಂಡು ಜಾರದಂತೆ ಮೊಳೆ ಹೊಡೆದಿರಬೇಕು. ಎಲ್ಲ ಮಕ್ಕಳೂ ಚಾಪೆಯ ಮೇಲೆ ಕೂರುವ ಮೂಲೆಯೊಂದಿದ್ದರೆ ಅಲ್ಲಿ ಇವನು ಮಾತ್ರ ಎತ್ತರದಲ್ಲಿ ಒಂಟಿಯಾಗಿ ಉಳಿಯದ ಹಾಗೆ, ಬೆನ್ನಿಗೆ ಮತ್ತು ಪಕ್ಕಗಳಿಗೆ ಆಸರೆಯಿರುವ ಮೂಲೆ ಕುರ್ಚಿಯನ್ನು ನೆಲದ ಮಟ್ಟದಲ್ಲೇ ಒದಗಿಸಬೇಕು. ಅವನನ್ನು ಎಷ್ಟು ಹೊತ್ತು, ಯಾವ ಭಂಗಿಯಲ್ಲಿ ಕೂರಿಸಬಹುದು ಎಂಬುದನ್ನು ಫಿಸಿಯೋಥೆರಪಿಸ್ಟರನ್ನು ಕೇಳಿಯೇ ನಿರ್ಧರಿಸಿ.

ಮಂದದೃಷ್ಟಿಯ ಹುಡುಗಿ ಕಿಟಕಿಗೆ ಬೆನ್ನು ಹಾಕಿ ಕೂರಬೇಕು. ಬೆಳಕು ಅವಳ ಕೆಲಸದ ಮೇಲೆ ಬೀಳಬೇಕೇ ಹೊರತು ಕಣ್ಣಿಗೆ ಹೊಡೆಯಬಾರದು. ಕಪ್ಪು ಅಥವಾ ಕಡುನೀಲಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಬಿಳಿಯ, ಹಳದಿಯ ವಸ್ತುಗಳನ್ನಿಟ್ಟರೆ ಅವಳಿಗೆ ಹುಡುಕುವ ಶ್ರಮ ತಪ್ಪುತ್ತದೆ. ಮೂಲೆಯ ಗಡಿಯನ್ನು ನೆಲದ ಮೇಲೆ ಅಗಲವಾದ ಹಳದಿ ಪಟ್ಟಿಯಿಂದ ಗುರುತಿಸಿದರೆ ಎಲ್ಲರಿಗೂ ಉಪಯೋಗ. ಕಾಲಿಗೆ ಗೊತ್ತಾಗುವಂತೆ ಒಂದು ಮೂಲೆಯಲ್ಲಿ ತೆಂಗಿನ ನಾರಿನ ಮ್ಯಾಟ್, ಇನ್ನೊಂದರಲ್ಲಿ ಜಮಖಾನ ಹಾಸುವುದು ಇನ್ನೂ ಒಳ್ಳೆಯದು, ಆದರೆ ಅಂಚು ಮೇಲೇಳದಂತೆ ನೆಲಕ್ಕೆ ಅಂಟಿಸಿ. ಒಮ್ಮೆ ಇಟ್ಟ ಮೇಜನ್ನು ಅವಳಿಗೆ ತಿಳಿಸದೆ ಕದಲಿಸಬೇಡಿ.

ಮೂಲೆಗಳ ನಡುವೆ ಮರೆಗೆಂದು ಇಡುವ ಕಪಾಟುಗಳು ನಾಲ್ಕಡಿಗಿಂತ ಎತ್ತರವಿರಬಾರದು ಮತ್ತು ಅವನ್ನು ಗೋಡೆಗೋ ನೆಲಕ್ಕೋ ಬಿಗಿದಿರಬೇಕು. ಕೂತ ಮಗುವಿಗೆ ಆಚೆಯ ಮೂಲೆ ಕಾಣಬಾರದು, ಕೂತ ಶಿಕ್ಷಕಿಗೆ ಎಲ್ಲ ಮಕ್ಕಳೂ ಕಾಣಬೇಕು. ಇದಕ್ಕಾಗಿ ಶಿಕ್ಷಕಿಯ ಕುರ್ಚಿ ಗೋಡೆಗೆ ಬೆನ್ನಾಗಿ, ಕೊಠಡಿಗೆ ಮುಖವಾಗಿ ಇರಬೇಕಾಗುತ್ತದೆ. ಮೂರ್ಛೆ ಬರುವ ಮಗುವಿದ್ದಲ್ಲಿ ಮೇಜಿನ ಮೊನಚು ಅಂಚುಗಳಿಗೆ ರಬ್ಬರ್ ಅಥವಾ ದಪ್ಪ ಬಟ್ಟೆ ಸುತ್ತಿ, ಮಿಣುಕುವ ದೀಪದ ಆಟಿಕೆಗಳನ್ನು ದೂರವಿಡಿ.

ಶಿಕ್ಷಕಿಯ ಮೇಜು ಮತ್ತು ಸ್ವತಂತ್ರ ಕೆಲಸದ ಮೂಲೆ

ಈ ಎರಡು ಮೂಲೆಗಳನ್ನು ಒಟ್ಟಿಗೆ ಯೋಚಿಸಬೇಕು, ಏಕೆಂದರೆ ಮೊದಲನೆಯದರಲ್ಲಿ ಕಲಿತದ್ದೇ ಎರಡನೆಯದರಲ್ಲಿ ಬಳಕೆಗೆ ಬರುತ್ತದೆ. ಹೊಸ ಕೌಶಲವನ್ನು ಶಿಕ್ಷಕಿಯ ಮೇಜಿನಲ್ಲಿ ಹಂತ ಹಂತವಾಗಿ ಕಲಿಸಲಾಗುತ್ತದೆ. ಐದು ಸಲ ಕೊಟ್ಟರೆ ನಾಲ್ಕು ಸಲವಾದರೂ ನೆರವಿಲ್ಲದೆ ಮಾಡುವ ಮಟ್ಟಕ್ಕೆ ಮಗು ಬಂದ ಮೇಲೆ ಆ ಕೆಲಸವನ್ನು ಒಂದು ಡಬ್ಬಿಗೆ ಹಾಕಿ ಸ್ವತಂತ್ರ ಮೂಲೆಯ ಕಪಾಟಿಗೆ ವರ್ಗಾಯಿಸಬೇಕು. ಬಾರದ ಕೆಲಸವನ್ನು ಸ್ವತಂತ್ರ ಮೂಲೆಯಲ್ಲಿ ಇಟ್ಟರೆ ಮಗು ತಪ್ಪನ್ನೇ ಅಭ್ಯಾಸ ಮಾಡುತ್ತದೆ, ಇಲ್ಲವೇ ಎದ್ದುಬಂದು ನಿಮ್ಮ ಸೆರಗು ಹಿಡಿದು ನಿಲ್ಲುತ್ತದೆ. ಸ್ವತಂತ್ರ ಮೂಲೆ ನಡೆಯುತ್ತಿಲ್ಲ ಎಂಬ ದೂರು ಕೇಳಿದಾಗಲೆಲ್ಲ ಮೊದಲು ಅಲ್ಲಿರುವ ಡಬ್ಬಿಗಳನ್ನು ತೆರೆದು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಈ ಮೂಲೆಯ ಜೋಡಣೆಗೆ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎರಿಕ್ ಶೋಪ್ಲರ್ ಮತ್ತು ಅವರ ಸಹೋದ್ಯೋಗಿಗಳು ಆಟಿಸಂ ಇರುವ ಮಕ್ಕಳಿಗಾಗಿ ರೂಪಿಸಿದ, 1972ರಲ್ಲಿ ಆ ರಾಜ್ಯದ ಅಧಿಕೃತ ಕಾರ್ಯಕ್ರಮವಾದ ಟೀಚ್ ಪದ್ಧತಿಯಿಂದ ಕಲಿಯುವುದು ಬಹಳಷ್ಟಿದೆ. ಯಾವ ಕೆಲಸ, ಎಷ್ಟು ಕೆಲಸ, ಮುಗಿಯಿತೆಂದು ಹೇಗೆ ತಿಳಿಯುವುದು, ಮುಗಿದ ಮೇಲೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಜೋಡಣೆಯೇ ಉತ್ತರ ಕೊಡಬೇಕೆನ್ನುವುದು ಅದರ ತಿರುಳು. ಮಗುವಿನ ಎಡಗಡೆ ಒಂದು ಕಪಾಟು; ಅದರಲ್ಲಿ ಆ ಹೊತ್ತಿಗೆ ಮಾಡಬೇಕಾದ ಡಬ್ಬಿಗಳು ಮಾತ್ರ, ಮೊದಮೊದಲು ಎರಡೇ. ನಡುವೆ ಮೇಜು. ಬಲಗಡೆ ನೆಲದ ಮೇಲೆ ದೊಡ್ಡ ಬುಟ್ಟಿ. ಮುಗಿದ ಕೆಲಸ ಅದರೊಳಗೆ ಹೋಗುತ್ತದೆ. ಎಡಗಡೆ ಖಾಲಿಯಾಯಿತೆಂದರೆ ಕೆಲಸ ಮುಗಿಯಿತು. ಮೇಜಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ವೃತ್ತ ಮತ್ತು ಚೌಕದ ಚಿತ್ರಗಳಿದ್ದು, ಅದೇ ಚಿತ್ರಗಳು ಡಬ್ಬಿಗಳ ಮೇಲೂ ಇದ್ದರೆ ಮಗು ಒಂದೊಂದಾಗಿ ಹೊಂದಿಸಿಕೊಂಡು ಹೋಗುತ್ತದೆ. ಪಟ್ಟಿಯ ಕೊನೆಯಲ್ಲಿ ಮುಂದೇನು ಎಂಬುದರ ಚಿತ್ರ ಇರಲಿ: ಉಯ್ಯಾಲೆ, ಚೆಂಡು, ಅಥವಾ ಆ ಮಗುವಿಗೆ ಇಷ್ಟವಾದ ಏನಾದರೂ. ಕೆಲಸವು ಎಡದಿಂದ ಬಲಕ್ಕೆ ಸಾಗುವುದರಿಂದ ಓದು ಬರಹಕ್ಕೆ ಬೇಕಾದ ದಿಕ್ಕಿನ ಅಭ್ಯಾಸವೂ ಜೊತೆಗೇ ಆಗುತ್ತದೆ.

ಡಬ್ಬಿಯೊಳಗಿನ ಕೆಲಸಕ್ಕೆ ದುಬಾರಿ ಸಾಮಗ್ರಿ ಬೇಡ. ಪಾದರಕ್ಷೆಯ ರಟ್ಟಿನ ಡಬ್ಬಿ, ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿ ಧಾರಾಳವಾಗಿ ಸಾಕು. ಮುಚ್ಚಳಕ್ಕೆ ಸೀಳು ಮಾಡಿ ನಾಣ್ಯ ಹಾಕುವುದು, ಬಟ್ಟೆ ಕ್ಲಿಪ್ಪುಗಳನ್ನು ಬಣ್ಣಕ್ಕೆ ತಕ್ಕಂತೆ ರಟ್ಟಿನ ಅಂಚಿಗೆ ಸಿಕ್ಕಿಸುವುದು, ಚಮಚ ಮತ್ತು ಲೋಟಗಳನ್ನು ಬೇರೆ ಬೇರೆ ಮಾಡುವುದು, ಪೆನ್ನಿಗೆ ಮುಚ್ಚಳ ಹಾಕುವುದು, ಹೆಸರಿನ ಚೀಟಿಯನ್ನು ಭಾವಚಿತ್ರಕ್ಕೆ ಹೊಂದಿಸುವುದು ಎಲ್ಲವೂ ಆಗುತ್ತವೆ. ಒಂದು ಡಬ್ಬಿಯಲ್ಲಿ ಒಂದೇ ಕೆಲಸ, ಅದಕ್ಕೆ ಬೇಕಾದಷ್ಟೇ ತುಂಡುಗಳು. ಹತ್ತು ಗುಂಡಿಗಳಿಗೆ ಹತ್ತೇ ಗುಳಿಗಳಿದ್ದರೆ ಸೂಚನೆ ಹೇಳಬೇಕಾಗಿಲ್ಲ. ವಿಕಲಚೇತನರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಡಿ ಮಕ್ಕಳಿಗೆ ಸಿಗುವ ಕಲಿಕೋಪಕರಣಗಳ ಕಿಟ್ ಬಂದಿದ್ದರೆ ಅದನ್ನು ಇಡಿಯಾಗಿ ಕಪಾಟಿನಲ್ಲಿಡದೆ ಬಿಡಿಸಿ, ಬೇಕಾದ ತುಂಡುಗಳನ್ನು ಮಾತ್ರ ಡಬ್ಬಿಗಳಿಗೆ ಹಂಚಿ.

ಕಾಳುಗಳನ್ನು ಬೇರ್ಪಡಿಸುವ ಕೆಲಸವನ್ನು ಎಲ್ಲರೂ ಸಲಹೆ ಮಾಡುತ್ತಾರೆ. ನೀವು ಪಕ್ಕದಲ್ಲಿಲ್ಲದ ಮೂಲೆಯಲ್ಲಿ ಅದನ್ನು ಇಡಬಾರದು. ಕಡಲೆ, ಹುಣಸೆ ಬೀಜ, ಮಣಿ, ನಾಣ್ಯಗಳು ಮೂಗಿಗೆ, ಕಿವಿಗೆ, ಗಂಟಲಿಗೆ ಹೋಗುವಂಥವು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗು ತರಗತಿಯಲ್ಲಿ ಒಂದೇ ಇದ್ದರೂ ನಾಣ್ಯದ ಬದಲು ಅಗಲವಾದ ಬಾಟಲಿ ಮುಚ್ಚಳ ಬಳಸಿ, ಚಿಕ್ಕ ವಸ್ತುಗಳನ್ನೆಲ್ಲ ಶಿಕ್ಷಕಿಯ ಮೇಜಿಗೆ ಸೀಮಿತಗೊಳಿಸಬೇಕು.

ದೈನಂದಿನ ಕೌಶಲಗಳ ಮೂಲೆ

ಇಲ್ಲಿ ನನ್ನ ಒಲವು ಸ್ಪಷ್ಟವಾಗಿದೆ: ನಟನೆಗಿಂತ ನಿಜವಾದ ಕೆಲಸವೇ ಮೇಲು. ಮರದ ಚೌಕಟ್ಟಿಗೆ ಹೊಲಿದ ಗುಂಡಿಗಳನ್ನು ಹಾಕಲು ಕಲಿತ ಮಗು ತನ್ನ ಅಂಗಿಯ ಗುಂಡಿ ಹಾಕಲಾರದೆ ನಿಲ್ಲುವುದುಂಟು, ಏಕೆಂದರೆ ಚೌಕಟ್ಟಿನ ಗುಂಡಿ ಕಣ್ಣೆದುರಿಗಿದ್ದರೆ ಅಂಗಿಯ ಗುಂಡಿ ಗದ್ದದ ಕೆಳಗಿರುತ್ತದೆ. ಆದ್ದರಿಂದ ಮನೆಯಿಂದ ಮಗುವಿನದೇ ಹಳೆಯ ಅಂಗಿ, ಲಾಡಿ ಇರುವ ಚಡ್ಡಿ, ಪಟ್ಟಿಯ ಚಪ್ಪಲಿಗಳನ್ನು ಕಳುಹಿಸಲು ಪೋಷಕರಿಗೆ ಹೇಳಿ. ಅಂಗಿ ಮೊದಲು ಒಂದು ಅಳತೆ ದೊಡ್ಡದಿರಲಿ, ಗುಂಡಿಯ ಕಣ್ಣು ಸ್ವಲ್ಪ ಸಡಿಲವಾಗಿರಲಿ.

ಇಂತಹ ಕೆಲಸಗಳನ್ನು ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುವುದು ಅನುಕೂಲ. ಆಯಾ ಉಳಿದೆಲ್ಲವನ್ನೂ ಮಾಡಿಕೊಟ್ಟು, ಗುಂಡಿಯನ್ನು ಅರ್ಧ ತೂರಿಸಿ, ಹೊರಗೆಳೆಯುವುದನ್ನು ಮಾತ್ರ ಮಗುವಿಗೆ ಬಿಡುತ್ತಾರೆ. ಅದು ಬಂದ ಮೇಲೆ ತೂರಿಸುವುದನ್ನೂ ಬಿಡುತ್ತಾರೆ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಮಗುವಿನ ಕೈಯಲ್ಲೇ. ಕೈತೊಳೆಯುವುದಕ್ಕೆ ನಲ್ಲಿಯ ಮೇಲ್ಗಡೆ, ಮಗುವಿನ ಕಣ್ಣಿನ ಎತ್ತರಕ್ಕೆ, ಆರು ಛಾಯಾಚಿತ್ರಗಳ ಸಾಲು ಸಾಕು: ನಲ್ಲಿ ತಿರುಗಿಸು, ಒದ್ದೆ ಮಾಡು, ಸೋಪು, ಉಜ್ಜು, ತೊಳೆ, ಒರೆಸು. ಚಿತ್ರಗಳನ್ನು ನಿಮ್ಮ ಶಾಲೆಯ ನಲ್ಲಿಯ ಬಳಿಯೇ ತೆಗೆಯಬೇಕು. ಬೇರೆಲ್ಲಿಂದಲೋ ತಂದ ಬೆಳ್ಳಗಿನ ಸಿಂಕಿನ ಚಿತ್ರ ಈ ಮಕ್ಕಳಲ್ಲಿ ಹಲವರಿಗೆ ಬೇರೆಯೇ ವಸ್ತುವಾಗಿ ಕಾಣುತ್ತದೆ.

ಈ ಮೂಲೆಯ ಕೆಲಸಗಳನ್ನು ದಿನಚರಿಯ ಜೊತೆಗೇ ಹೆಣೆದರೆ ಅಭ್ಯಾಸಕ್ಕೆ ಕಾರಣ ಹುಡುಕಬೇಕಾಗುವುದಿಲ್ಲ. ಬಿಸಿಯೂಟಕ್ಕೆ ಮೊದಲು ತಟ್ಟೆ ಲೋಟ ಜೋಡಿಸುವುದು, ಎಂಟು ಮಂದಿಗೆ ಎಂಟು ತಟ್ಟೆ ಎಣಿಸುವುದು, ಊಟವಾದ ಮೇಲೆ ತನ್ನ ತಟ್ಟೆ ತೊಳೆಯುವುದು, ಒರೆಸುವ ಬಟ್ಟೆ ಹಿಂಡಿ ಹರಡುವುದು. ಅವರೆಕಾಯಿಯ ಕಾಲದಲ್ಲಿ ಕಾಯಿ ಸುಲಿಯುವುದಕ್ಕಿಂತ ಒಳ್ಳೆಯ ಬೆರಳಿನ ವ್ಯಾಯಾಮ ನನಗೆ ಗೊತ್ತಿಲ್ಲ, ಮತ್ತು ಆಯಾ ಪಕ್ಕದಲ್ಲೇ ಕೂತಿರುವುದರಿಂದ ಕಾಳಿನ ಭಯ ಇಲ್ಲಿ ಅಷ್ಟಾಗಿ ಇರುವುದಿಲ್ಲ. ಹತ್ತಿಯಿಂದ ಹೂಬತ್ತಿ ಮಾಡುವುದು, ಹಳೆಯ ಪತ್ರಿಕೆಯ ಹಾಳೆ ಮಡಿಸಿ ಪೊಟ್ಟಣ ಅಂಟಿಸುವುದು ದೊಡ್ಡ ಮಕ್ಕಳ ವೃತ್ತಿಪೂರ್ವ ತರಗತಿಗಳಲ್ಲಿ ಕಾಣುವ ಕೆಲಸಗಳು; ಅವುಗಳ ಮೊದಲ ಹೆಜ್ಜೆಗಳನ್ನು ಇಲ್ಲಿಯೇ ಇಡಬಹುದು.

ಅಕ್ಷರ ಮತ್ತು ಅಂಗಡಿ

ಓದಲು ಸಿದ್ಧರಾದ ಮಕ್ಕಳಿಗೆ ಅಕ್ಷರದ ಕೆಲಸಗಳನ್ನು ಶಿಕ್ಷಕಿಯ ಮೇಜಿನಲ್ಲಿಯೇ ಆರಂಭಿಸಬೇಕು. ನಲಿಕಲಿಯಲ್ಲಿ ‘ರ, ಗ, ಸ, ದ, ಅ’ ಎಂದು ಬರೆಯುವ ಕೈಗೆ ಸುಲಭವಾಗುವ ಕ್ರಮವಿದೆ. ಬರೆಯಲು ಅದು ಒಳ್ಳೆಯದೇ. ಆದರೆ ಆಕಾರಗಳ ಸೂಕ್ಷ್ಮ ವ್ಯತ್ಯಾಸ ಕಣ್ಣಿಗೆ ಬೇಗ ಹಿಡಿಯದ ಮಗುವಿಗೆ ಗುರುತಿಸುವ ಕೆಲಸ ಕೊಡುವಾಗ ಒಂದಕ್ಕೊಂದು ತೀರ ಬೇರೆಯಾಗಿ ಕಾಣುವ ಅಕ್ಷರಗಳ ಜೋಡಿಯಿಂದ ತೊಡಗಿ, ‘ವ’ ಮತ್ತು ‘ಮ’, ‘ಪ’ ಮತ್ತು ‘ಷ’ ಮುಂತಾದ ಜೋಡಿಗಳನ್ನು ತಡವಾಗಿ ತರಬೇಕು. ಅಕ್ಷರಮಾಲೆಯ ಹಂಗಿಲ್ಲದೆ ತನ್ನ ಹೆಸರು, ‘ನೀರು’, ‘ಊಟ’, ಬಸ್ಸಿನ ಮೇಲಿನ ಊರ ಹೆಸರುಗಳಂತಹ ಬದುಕಿಗೆ ಬೇಕಾದ ಪದಗಳನ್ನು ಇಡಿಯಾಗಿ ಗುರುತಿಸಲು ಕಲಿಸುವ ದಾರಿಯೂ ಕೆಲವರಿಗೆ ಸರಿಹೊಂದುತ್ತದೆ.

ಲೆಕ್ಕಕ್ಕೆ ಅಂಗಡಿಯ ಮೂಲೆ ಬಹಳ ಹಿಂದಿನಿಂದಲೂ ಇದ್ದದ್ದೇ. ಅಲ್ಲಿ ಪ್ಲಾಸ್ಟಿಕ್ ಹಣದ ಬದಲು ನಿಜವಾದ ನಾಣ್ಯ ಮತ್ತು ನೋಟುಗಳಿರಲಿ. ಒಂದು, ಎರಡು, ಐದು ರೂಪಾಯಿಯ ನಾಣ್ಯಗಳ ತೂಕ ಮತ್ತು ಅಂಚನ್ನು ಕೈಯೂ ಕಲಿಯಬೇಕು, ಮಂದದೃಷ್ಟಿಯ ಹುಡುಗಿಗಂತೂ ಇದೇ ಮುಖ್ಯ. ಖಾಲಿ ಬಿಸ್ಕೆಟ್ ಪೊಟ್ಟಣ, ಸೋಪಿನ ಡಬ್ಬಿಗಳ ಮೇಲೆ ಮೊದಲು ಪೂರ್ಣ ಹತ್ತು ರೂಪಾಯಿಯ ಬೆಲೆಗಳನ್ನಷ್ಟೇ ಅಂಟಿಸಿ. ಚಿಲ್ಲರೆ ವಾಪಸು ಪಡೆಯುವುದು ಎಷ್ಟೋ ಮುಂದಿನ ಮಾತು. ಮಾತು ಬಾರದ ಮಗು ಚಿತ್ರ ತೋರಿಸಿ ಬೇಕಾದ್ದನ್ನು ಹೇಳುವ ಸಂವಹನ ಫಲಕ ಅದರ ಜೊತೆಯಲ್ಲೇ ಎಲ್ಲ ಮೂಲೆಗಳಿಗೂ ಹೋಗಬೇಕು. ಫಲಕವನ್ನು ಭಾಷಾ ಮೂಲೆಯ ಮೊಳೆಗೆ ತೂಗುಹಾಕಿದರೆ ಮಗು ಉಳಿದ ಹೊತ್ತೆಲ್ಲ ಮೂಕವಾಗಿ ಉಳಿಯುತ್ತದೆ.

ಶಾಂತಿಯ ಜಾಗ

ಸದ್ದು, ಬೆಳಕು, ಗುಂಪು ಹೆಚ್ಚಾದಾಗ ಮಗು ಹಿಂದೆ ಸರಿದು ಕೂರಲು ಒಂದು ಪುಟ್ಟ ಜಾಗ: ಚಾಪೆ, ದಿಂಬು, ಹಿಸುಕುವ ಚೆಂಡು, ಒಂದು ಬದಿಗೆ ಹಳೆಯ ಸೀರೆಯ ಪರದೆ. ಶಿಕ್ಷಕಿಯ ಕಣ್ಣಿಗೆ ಒಳಗಿರುವ ಮಗು ಸದಾ ಕಾಣುವಂತಿರಬೇಕು. ಇದನ್ನು ಶಿಕ್ಷೆಗೆ ಬಳಸಕೂಡದು. ಹೊಡೆದವನನ್ನು ಇಲ್ಲಿ ಕೂರಿಸಿದರೆ ನಾಳೆ ನಿಜವಾಗಿ ಬೇಕಾದವನು ಒಳಗೆ ಹೋಗುವುದಿಲ್ಲ. ಮಗು ಕಾರ್ಡು ತೋರಿಸಿ ತಾನೇ ಕೇಳುವುದನ್ನು, ಮರಳು ಗಡಿಯಾರ ಖಾಲಿಯಾದಾಗ ತಾನೇ ಎದ್ದುಬರುವುದನ್ನು ಶಾಂತವಾಗಿರುವ ಹೊತ್ತಿನಲ್ಲೇ ಅಭ್ಯಾಸ ಮಾಡಿಸಿ. ಶಿಕ್ಷಕಿಯ ಮೇಜಿಗೆ ಬರುವ ಸರದಿಯಲ್ಲೇ ಒಬ್ಬ ಹುಡುಗ ದಿನಾ ಇಲ್ಲಿಗೆ ಓಡುತ್ತಿದ್ದರೆ ಮೇಜಿನ ಮೇಲಿನ ಕೆಲಸ ಅವನಿಗೆ ಹೆಚ್ಚಾಯಿತೆಂದು ತಿಳಿಯಬೇಕು.

ಸರದಿ

ಮೂಲೆಯಿಂದ ಮೂಲೆಗೆ ಹೋಗುವ ಎರಡು ಮೂರು ನಿಮಿಷಗಳಲ್ಲೇ ಇಡೀ ಏರ್ಪಾಡು ಕುಸಿಯುವ ಸಂಭವ ಹೆಚ್ಚು. ನಮ್ಮ ಎಂಟು ಮಕ್ಕಳನ್ನು ನಾಲ್ಕು ಜೋಡಿ ಮಾಡಿ, ಒಂದೊಂದು ಮೂಲೆಗೆ ಹನ್ನೆರಡು ನಿಮಿಷ ಮತ್ತು ಬದಲಾವಣೆಗೆ ಮೂರು ನಿಮಿಷ ಇಟ್ಟರೆ ಒಂದು ಗಂಟೆಯಲ್ಲಿ ಎಲ್ಲರೂ ಎಲ್ಲ ಮೂಲೆಗಳನ್ನು ಸುತ್ತುತ್ತಾರೆ. ಜೋಡಿಗಳನ್ನು ಕಲಿಕೆಯ ಮಟ್ಟ ನೋಡಿ ಮಾಡುವುದಕ್ಕಿಂತ ಯಾರು ಯಾರನ್ನು ಸಹಿಸುತ್ತಾರೆ ಎಂಬುದನ್ನು ನೋಡಿ ಮಾಡಿ. ಕಿರುಚುವ ಮಗು ಮತ್ತು ಕಿರುಚಿದರೆ ಕಿವಿ ಮುಚ್ಚಿಕೊಳ್ಳುವ ಮಗು ಒಂದೇ ಜೋಡಿಯಲ್ಲಿದ್ದರೆ ಉಳಿದ ಯಾವ ಲೆಕ್ಕಾಚಾರವೂ ನಡೆಯುವುದಿಲ್ಲ. ಎಲ್ಲರೂ ಒಂದೇ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿನಂತೆ ಸರಿದರೆ ನಡುದಾರಿಯಲ್ಲಿ ಡಿಕ್ಕಿ ತಪ್ಪುತ್ತದೆ. ನೀರಾಟದಿಂದ ಎಬ್ಬಿಸಿ ಅಕ್ಷರಕ್ಕೆ ಕರೆತರುವುದು ಜಗಳಕ್ಕೆ ದಾರಿ; ಕಷ್ಟದ ಮೂಲೆಯ ನಂತರ ಇಷ್ಟದ ಮೂಲೆ ಬರುವಂತೆ ಕ್ರಮವಿಡಿ. ಎಂಟೂ ಮಕ್ಕಳಿಗೆ ಈ ಅನುಕೂಲ ಮಾಡಿಕೊಡಲು ಆಗುವುದಿಲ್ಲ, ಆದ್ದರಿಂದ ಬದಲಾವಣೆ ಅತಿ ಕಷ್ಟವಾಗುವ ಇಬ್ಬರನ್ನು ಗಮನದಲ್ಲಿಟ್ಟು ಕ್ರಮ ನಿರ್ಧರಿಸಿ. ಶೌಚಾಲಯದ ಹೊತ್ತನ್ನು ಸರದಿಯ ಮೊದಲೇ ಇಟ್ಟುಕೊಳ್ಳುವುದನ್ನು ಮರೆಯಬಾರದು.

ಪ್ರತಿ ಮಗುವಿಗೂ ತನ್ನ ದಿನದ ಪಟ್ಟಿಯೊಂದು ಬೇಕು. ಓದಬಲ್ಲವಳಿಗೆ ಅದು ಪದಗಳ ಸಾಲು. ಇನ್ನೊಬ್ಬನಿಗೆ ಗೆರೆಚಿತ್ರಗಳು, ಮತ್ತೊಬ್ಬನಿಗೆ ಛಾಯಾಚಿತ್ರಗಳು. ಚಿತ್ರವೂ ಅರ್ಥವಾಗದ ಹಂತದಲ್ಲಿರುವ ಮಗುವಿಗೆ ವಸ್ತುವನ್ನೇ ಕೈಗೆ ಕೊಡಬೇಕು. ಟವೆಲ್ಲಿನ ತುಂಡು ಕೈಗೆ ಬಂದರೆ ನಲ್ಲಿಯ ಬಳಿಗೆ, ಚಮಚ ಬಂದರೆ ಊಟಕ್ಕೆ. ಮಗು ಆ ಚಿತ್ರವನ್ನೋ ವಸ್ತುವನ್ನೋ ಹಿಡಿದುಕೊಂಡು ಹೋಗಿ, ಮೂಲೆಯ ಬಾಯಲ್ಲಿರುವ ಅದರ ಜೋಡಿಯ ಪಕ್ಕದಲ್ಲಿ ಅಂಟಿಸುತ್ತದೆ ಅಥವಾ ಬುಟ್ಟಿಯಲ್ಲಿ ಹಾಕುತ್ತದೆ. ಕೈಯಲ್ಲಿ ಏನಾದರೂ ಇದ್ದರೆ ದಾರಿಯಲ್ಲಿ ಗುರಿ ಮರೆಯುವುದು ಕಡಿಮೆ. ಸಮಯ ಮುಗಿದ ಸೂಚನೆಗೆ ಅಡುಗೆಮನೆಯ ಟೈಮರ್ ಅಥವಾ ಪುಟ್ಟ ಗಂಟೆ ಸಾಕು. ಸದ್ದಿಗೆ ಬೆಚ್ಚುವ ಮಗುವಿಗೆ ಒಂದು ನಿಮಿಷ ಮುಂಚೆಯೇ ಕಾರ್ಡು ತೋರಿಸಿ, ಶ್ರವಣದೋಷವಿರುವವರಿದ್ದರೆ ದೀಪವನ್ನು ಒಮ್ಮೆ ಆರಿಸಿ ಹಚ್ಚಿ. ಮೊಬೈಲನ್ನು ಟೈಮರಾಗಿ ಬಳಸದಿರುವುದೇ ಲೇಸು, ಅದು ಮೇಜಿನ ಮೇಲಿದ್ದರೆ ಮಕ್ಕಳ ಕಣ್ಣು ಬೇರೆಲ್ಲೂ ಹೋಗುವುದಿಲ್ಲ.

ಇದೆಲ್ಲವನ್ನೂ ಜೂನ್ ತಿಂಗಳ ಮೊದಲ ವಾರದಲ್ಲೇ ಆರಂಭಿಸಲು ಹೋಗಬೇಡಿ. ಮೊದಲ ವಾರ ಒಂದೇ ಅಭ್ಯಾಸ: ಡಬ್ಬಿ ತೆಗೆದುಕೊ, ಮಾಡು, ಬುಟ್ಟಿಗೆ ಹಾಕು. ಎಲ್ಲರಿಗೂ ತೀರ ಸುಲಭದ ಕೆಲಸ ಕೊಟ್ಟು ಈ ಕ್ರಮವನ್ನಷ್ಟೇ ರೂಢಿಸಿ. ಎರಡನೆಯ ಮತ್ತು ಮೂರನೆಯ ವಾರ ಎರಡು ಮೂಲೆಗಳು, ಐದಾರು ನಿಮಿಷದ ಸರದಿ. ನಾಲ್ಕೂ ಮೂಲೆಗಳು ಸರಾಗವಾಗಿ ನಡೆಯಲು ಜುಲೈ ಮುಗಿದರೂ ಆತಂಕಪಡಬೇಕಾಗಿಲ್ಲ. ವಾರದಲ್ಲಿ ಕೆಲವೇ ದಿನ ಮಕ್ಕಳು ಬರುವ ತಾಲ್ಲೂಕು ಮಟ್ಟದ ಸಂಪನ್ಮೂಲ ಕೊಠಡಿಗಳಲ್ಲಿ, ಅದರಲ್ಲೂ ಅದೇ ಕೊಠಡಿ ಸಭೆಗಳಿಗೂ ಬಳಕೆಯಾಗುವಲ್ಲಿ, ಎರಡೇ ಮೂಲೆಗಳನ್ನು ಇಟ್ಟುಕೊಂಡು, ಮಡಚಿಡುವ ಚಾಪೆ ಮತ್ತು ಡಬ್ಬಿಗಳಲ್ಲೇ ಎಲ್ಲವನ್ನೂ ಅಣಿಮಾಡಬೇಕಾಗುತ್ತದೆ. ಆಗಲೂ ಚಾಪೆಗಳು ಪ್ರತಿ ಸಲ ಅದೇ ಜಾಗಕ್ಕೆ ಬರುವಂತೆ ನೆಲದ ಮೇಲೆ ಗುರುತು ಹಾಕಿರಬೇಕು.

ದೊಡ್ಡವರ ಕೈ, ದೊಡ್ಡವರ ಬಾಯಿ

ಆಯಾ ಅವರಿಗೆ ತರಬೇತಿ ಕೊಡದೆ ಮೂಲೆಗಳನ್ನು ನಡೆಸಲಾಗುವುದಿಲ್ಲ. ಮಮತೆಯಿಂದಲೇ ಅವರು ಮಗು ಕೈಚಾಚುವ ಮುನ್ನ ಕೆಲಸ ಮುಗಿಸಿಬಿಡುತ್ತಾರೆ, ಅಥವಾ ‘ಹಾಕು ಪುಟ್ಟ, ಅಲ್ಲಿ ಹಾಕು, ಅಲ್ಲಲ್ಲ, ಇಲ್ಲಿ’ ಎಂದು ಎಡೆಬಿಡದೆ ಹೇಳುತ್ತಿರುತ್ತಾರೆ. ಬಾಯಿಮಾತಿನ ನೆರವು ಕೊಡಲು ಸುಲಭ, ಬಿಡಿಸಲು ಕಷ್ಟ. ಮಗು ಪ್ರತಿ ಹೆಜ್ಜೆಗೂ ಆ ದನಿಗಾಗಿ ಕಾಯುವುದನ್ನು ಕಲಿತುಬಿಡುತ್ತದೆ. ಆದ್ದರಿಂದ ನೆರವು ಕೊಡುವವರು ಮಗುವಿನ ಹಿಂದೆ ಕೂರಬೇಕು, ಬೇಕಾದಾಗ ಮೊಣಕೈಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕು ಅಥವಾ ಡಬ್ಬಿಯತ್ತ ಬೆರಳು ತೋರಿಸಬೇಕು, ಅದಕ್ಕೂ ಮೊದಲು ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಮಾತು ಬೇಕಾಗುವುದು ಕೆಲಸ ಮುಗಿದ ಮೇಲೆ, ಮೆಚ್ಚುಗೆ ಹೇಳುವುದಕ್ಕೆ. ಒಂದು ಸರದಿಯನ್ನು ಆಯಾ ಅವರ ಪಕ್ಕದಲ್ಲೇ ಕೂತು ಮಾಡಿತೋರಿಸಿದರೆ ಹತ್ತು ಸಲ ಉಪದೇಶ ಹೇಳುವುದು ತಪ್ಪುತ್ತದೆ.

ದಾಖಲೆ ಸರಳವಾಗಿದ್ದರಷ್ಟೇ ಉಳಿಯುತ್ತದೆ. ಪ್ರತಿ ಮೂಲೆಯಲ್ಲೂ ದಾರದಿಂದ ಕಟ್ಟಿದ ಪೆನ್ನು ಮತ್ತು ರಟ್ಟಿಗೆ ಸಿಕ್ಕಿಸಿದ ಒಂದು ಹಾಳೆ ತೂಗಾಡಲಿ. ಸಾಲಿನಲ್ಲಿ ಮಕ್ಕಳ ಹೆಸರು, ಮೇಲ್ಗಡೆ ದಿನಾಂಕ. ತಾನೇ ಮಾಡಿದರೆ ‘ತಾ’, ಸನ್ನೆಯಿಂದ ‘ಸ’, ಮಾತಿನಿಂದ ‘ಮಾ’, ಕೈಹಿಡಿದು ಮಾಡಿಸಿದರೆ ‘ಕೈ’. ಓದು ಬರಹ ಅಷ್ಟಾಗಿ ಬಾರದ ಆಯಾ ಅವರೂ ಈ ನಾಲ್ಕು ಗುರುತುಗಳನ್ನು ಹಾಕಬಲ್ಲರು. ಶುಕ್ರವಾರ ಸಂಜೆ ಹಾಳೆಗಳನ್ನು ಒಟ್ಟಿಗೆ ನೋಡಿದಾಗ ಸತತವಾಗಿ ‘ತಾ’ ಬಂದಿರುವ ಕೆಲಸ ಹಳತಾಯಿತೆಂದು ಗೊತ್ತಾಗುತ್ತದೆ. ಅದನ್ನು ಮನೆಗೆ ಕಳುಹಿಸಿ, ಕಪಾಟಿನಲ್ಲಿ ಅದರ ಜಾಗಕ್ಕೆ ಶಿಕ್ಷಕಿಯ ಮೇಜಿನಿಂದ ಹೊಸ ಡಬ್ಬಿಯೊಂದನ್ನು ತನ್ನಿ. ಮೂರು ವಾರ ‘ಕೈ’ ಎಂದೇ ಇರುವ ಕೆಲಸವನ್ನು ಇನ್ನೂ ಚಿಕ್ಕ ಹೆಜ್ಜೆಗಳಾಗಿ ಒಡೆಯಬೇಕು, ಅಥವಾ ಸದ್ಯಕ್ಕೆ ಕೈಬಿಡಬೇಕು. ಎಲ್ಲ ಡಬ್ಬಿಗಳನ್ನೂ ಒಂದೇ ವಾರದಲ್ಲಿ ಬದಲಿಸಬಾರದು. ಪರಿಚಿತ ಕೆಲಸಗಳ ನಡುವೆ ಒಂದು ಹೊಸತು ಬಂದರೆ ಮಗು ಅದನ್ನು ಒಪ್ಪಿಕೊಳ್ಳುತ್ತದೆ.

ವರ್ಷದ ಕೊನೆಯಲ್ಲಿ ಬೇಸಿಗೆ ರಜೆಗೆ ಬೀಗ ಹಾಕುವ ಮುನ್ನ ಪ್ರತಿ ಮೂಲೆಯ, ಪ್ರತಿ ಕಪಾಟಿನ ಛಾಯಾಚಿತ್ರ ತೆಗೆದು, ನೆಲದ ನಕ್ಷೆ ಮತ್ತು ಶುಕ್ರವಾರದ ಹಾಳೆಗಳ ಜೊತೆಗೆ ಒಂದು ಕಡತದಲ್ಲಿ ಇಡಿ. ಗುತ್ತಿಗೆಯ ಶಿಕ್ಷಕರು ಬದಲಾಗುತ್ತಲೇ ಇರುವ ಶಾಲೆಗಳಲ್ಲಿ ಹೊಸಬರು ಜೂನ್‌ನಲ್ಲಿ ಬಾಗಿಲು ತೆರೆದಾಗ, ಗಾಲಿಕುರ್ಚಿಯ ಹುಡುಗನ ಮೇಜಿನ ಕೆಳಗೆ ಎಷ್ಟು ದಪ್ಪದ ಮರದ ತುಂಡು ಇತ್ತು, ಯಾವ ಇಬ್ಬರನ್ನು ಜೋಡಿ ಮಾಡಬಾರದು, ಯಾರ ಡಬ್ಬಿಯಲ್ಲಿ ಚಿಕ್ಕ ವಸ್ತುಗಳಿರಬಾರದು ಎಂಬ ಸಂಗತಿಗಳು ಆ ಕಡತದ ಮೊದಲ ಪುಟದಲ್ಲೇ ಸಿಗುವಂತಿರಬೇಕು.